ತಾಯಿಯ ಓಟು

ನಮ್ಮ ಕೊಡವ ಮಾತಿನಲ್ಲಿ ಹೆತ್ತವಳು ಅವ್ವ. ಅವ್ವನನ್ನು ಹೆತ್ತವಳು ತಾಯಿ. ಮದುವೆಯಾಗಿ ಮೈಸೂರಿಗೆ ಬಂದ ಹೊಸತರಲ್ಲಿ ಪಕ್ಕದ ಮನೆಯವರೊಡನೆ ಮಾತಾಡುತ್ತಾ 'ನಮ್ಮ ತಾಯಿಗೆ ಎಪ್ಪತ್ತೈದಾಯಿತು' ಎಂದುಬಿಟ್ಟೆ. ಆಗ ನನಗೆ ಇಪ್ಪತ್ತನಾಲ್ಕು. ಆಕೆ ಬೆರಳು ಮಡಿಸಿ ಲೆಕ್ಕ ಹಾಕಿ, ನನ್ನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ ಸುಮ್ಮನಾದರು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ನಾನು ತಾಯಿ ಎನ್ನುವುದೆಲ್ಲ ನನ್ನ ಅಜ್ಜಿಯನ್ನೇ.

ತಾಯಿ 1952ರಲ್ಲಿ ಯಾರಿಗೆ ಓಟು ಹಾಕಿದರು ಎಂಬುದು ನಮ್ಮ ಕುಟುಂಬದಲ್ಲಿ ಎಪ್ಪತ್ತು ವರ್ಷ ದಾಟಿದರೂ ಬಗೆಹರಿಯದ ಪ್ರಶ್ನೆ. ಬಗೆಹರಿಯದ ಆಸ್ತಿ ವ್ಯಾಜ್ಯಗಳು ಎಲ್ಲರ ಮನೆಯಲ್ಲೂ ಇರುತ್ತವೆ. ನಮ್ಮದು ಓಟಿನ ವ್ಯಾಜ್ಯ.

ಆಗ ಕೊಡಗು ಒಂದು ರಾಜ್ಯ. ಈಗಿನ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ. 1951ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ ಸುಮಾರು 2.29 ಲಕ್ಷ. ಅಷ್ಟು ಜನಕ್ಕೆ 24 ಶಾಸಕರ ಒಂದು ವಿಧಾನಸಭೆ, ಮಡಿಕೇರಿಯೇ ರಾಜಧಾನಿ, ದೆಹಲಿಗೆ ಕಳಿಸಲು ಒಬ್ಬ ಲೋಕಸಭಾ ಸದಸ್ಯ. ಚುನಾವಣೆ ಮುಗಿದ ಮೇಲೆ ಬಂದ ಸಂಪುಟದಲ್ಲಿ ಮಂತ್ರಿಗಳು ಇಬ್ಬರೇ. ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ, ಜೊತೆಗೆ ಕುಟ್ಟೂರು ಮಲ್ಲಪ್ಪ. ಇಬ್ಬರೇ ಇದ್ದುದರಿಂದ ಯಾರ ಖಾತೆ ಯಾವುದೆಂದು ಜನ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ ಎನ್ನಿ.

ಆ ಚುನಾವಣೆಯಲ್ಲಿ ನಿಂತವರು ಅಭ್ಯರ್ಥಿಗಳಾದರೂ ಜನ ತೂಗಿ ನೋಡುತ್ತಿದ್ದದ್ದು ಬೇರೆ. ಕೊಡಗು ಹೀಗೇ ಪ್ರತ್ಯೇಕವಾಗಿ ಉಳಿಯಬೇಕೇ, ಮೈಸೂರಿನೊಂದಿಗೆ ಸೇರಬೇಕೇ? ಪೂಣಚ್ಚನವರ ಕಾಂಗ್ರೆಸ್ ಸೇರಬೇಕೆನ್ನುವ ಕಡೆ. ಕೊಡಗಿನ ಗಾಂಧಿ ಎಂದು ಹೆಸರಾಗಿದ್ದ ಪಂದ್ಯಂಡ ಬೆಳ್ಳಿಯಪ್ಪನವರು ಉಳಿಯಬೇಕೆನ್ನುವ ಕಡೆ. ಇಬ್ಬರೂ ಸ್ವಾತಂತ್ರ್ಯ ಹೋರಾಟದಿಂದಲೇ ಬಂದವರು. ಕಾಂಗ್ರೆಸ್ಸಿನ ಗುರುತು ಆಗ ನೊಗ ಹೊತ್ತ ಜೋಡೆತ್ತು. ಬೆಳ್ಳಿಯಪ್ಪನವರ ಕಡೆಯವರದು ತಕ್ಕಡಿ. ಅವರ ಗುಂಪಿಗೆ ತಕ್ಕಡಿ ಪಾರ್ಟಿ ಎಂದೇ ಹೆಸರು ನಿಂತಿತು. ವಿಲೀನ ಎಂಬ ಶಬ್ದ ಮತಪತ್ರದ ಮೇಲೆ ಎಲ್ಲೂ ಇರಲಿಲ್ಲ. ಆದರೆ ಊರಿನ ಲೆಕ್ಕ ಸುಲಭ. ಎತ್ತು ಎಂದರೆ ಮೈಸೂರು, ತಕ್ಕಡಿ ಎಂದರೆ ಕೊಡಗು.

ನಮ್ಮ ಅಜ್ಜ ತಕ್ಕಡಿ. ತಾಯಿಯ ತವರಿನ ಅಣ್ಣ, ಅಂದರೆ ಅವ್ವನ ಸೋದರಮಾವ, ಎತ್ತು. ಇಬ್ಬರೂ ಓದಿದವರು, ಇಬ್ಬರೂ ತೋಟದವರು, ಇಬ್ಬರಿಗೂ ಕೋಪ ಮೂಗಿನ ತುದಿಯಲ್ಲಿ. ಅವ್ವನಿಗೆ ಆಗ ಹನ್ನೊಂದು ವರ್ಷ. ಅಂಗಳದಲ್ಲಿ ಕಾಫಿ ಒಣಗಲು ಹಾಕಿದ್ದು, ಅದನ್ನು ಕಾಲಲ್ಲಿ ಗೀರುತ್ತಾ ತಾನು ಜಗಲಿಯ ಜಗಳ ಕೇಳುತ್ತಿದ್ದದ್ದು ಅವಳಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅಜ್ಜ, 'ತಕ್ಕಡಿ ನ್ಯಾಯದ ಗುರುತು' ಎಂದರೆ ಮಾವ, 'ತಕ್ಕಡಿ ಅಂಗಡಿಯವನಿಗೆ ಇರಲಿ, ಉಳುವವನಿಗೆ ಎತ್ತು ಬೇಕು' ಎನ್ನುವರು. ದೊಡ್ಡ ರಾಜ್ಯಕ್ಕೆ ಸೇರಿದರೆ ಜಮ್ಮಾ ಭೂಮಿಯ ಗತಿ ಏನು, ಕೋವಿಯ ಹಕ್ಕಿನ ಗತಿ ಏನು, ಸಮುದ್ರಕ್ಕೆ ಬಿದ್ದ ಕಾವೇರಿಯನ್ನು ಯಾರು ಗುರುತು ಹಿಡಿಯುತ್ತಾರೆ ಎಂದು ಅಜ್ಜ. ಎರಡು ಲಕ್ಷ ಜನ ಎಷ್ಟು ದಿನ ದೆಹಲಿಯ ಕೈ ನೋಡುತ್ತಾ ಕೂರುವುದು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಕನ್ನಡ, ಮತ್ತೆ ಕನ್ನಡದವರ ಜೊತೆ ಸೇರಲು ಏನು ಭಯ ಎಂದು ಮಾವ. ನಡುವೆ ತಾಯಿ ಬೆಲ್ಲದ ಕಾಫಿ ತಂದಿಟ್ಟು ಒಳಗೆ ಹೋಗುವರು. ಒಮ್ಮೆ ಮಾತ್ರ, 'ಈ ಮನೆಯಲ್ಲಿ ಎತ್ತೂ ಇದೆ, ತಕ್ಕಡಿಯೂ ಇದೆ, ಎರಡಕ್ಕೂ ಕೆಲಸ ಇದೆ' ಎಂದಿದ್ದರಂತೆ. ಅದನ್ನು ಇಬ್ಬರೂ ತಮ್ಮ ಪರವಾಗಿಯೇ ಅರ್ಥ ಮಾಡಿಕೊಂಡರು.

ಅದಕ್ಕೂ ಮೊದಲು ಹೆಸರು ಬರೆಸುವ ಪ್ರಸಂಗ ನಡೆದಿತ್ತು. ಪಟ್ಟಿ ಬರೆಯಲು ಬಂದವನಿಗೆ ಅಜ್ಜ ತನ್ನ ಹೆಸರು ಹೇಳಿ, 'ಮತ್ತೆ ನನ್ನ ಹೆಂಡತಿ' ಎಂದರಂತೆ. ಬರೆಯುವವನ ಪೆನ್ಸಿಲೂ ಅಲ್ಲೇ ನಿಲ್ಲುವುದರಲ್ಲಿತ್ತು. ಬಾಗಿಲ ಹಿಂದೆ ನಿಂತಿದ್ದ ತಾಯಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿದರು. ಇದರ ಬೆಲೆ ನನಗೆ ಗೊತ್ತಾದದ್ದು ಬಹಳ ತಡವಾಗಿ. ಆ ಮೊದಲ ಚುನಾವಣೆಯಲ್ಲಿ ತಮ್ಮ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆದುಹಾಕಬೇಕಾಯಿತು. ಹೆಚ್ಚಿನವರು ಉತ್ತರದ ಕಡೆಯವರು, ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯಪ್ರದೇಶದವರು. ಹೆಸರಿಲ್ಲದ ಹೆಂಗಸನ್ನು ಸೇರಿಸಲಾಗದು ಎಂದು ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಪಟ್ಟು ಹಿಡಿದರು. ಆಗ ಕಠಿಣವೆನಿಸಿದರೂ ಮುಂದಿನ ಸಲಕ್ಕೆ ಹೆಂಗಸರ ಬಾಯಿಂದ ಹೆಸರು ಹೊರಡಿಸಿದ್ದು ಆ ಪಟ್ಟೇ ಇರಬೇಕು.

ಓಟಿನ ದಿನ ತಾಯಿ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ನಮ್ಮ ರೀತಿಯಲ್ಲಿ ನೆರಿಗೆ ಹಿಂದೆ ಮಾಡಿ ಉಟ್ಟು, ತಲೆಗೆ ವಸ್ತ್ರ ಕಟ್ಟಿ, ಅವ್ವನ ಕೈ ಹಿಡಿದು ಶಾಲೆಗೆ ನಡೆದರು. ತೋಟದ ಲೈನ್ ಮನೆಗಳ ಎರವರೂ ಹಿಂದೆ ಬಂದರು. ಅವರಿಗೆ ಅಜ್ಜ ಹಿಂದಿನ ಸಂಜೆಯೇ ತಕ್ಕಡಿಯ ಚಿತ್ರ ತೋರಿಸಿ ಹೇಳಬೇಕಾದ್ದನ್ನು ಹೇಳಿದ್ದರು. ನಮ್ಮ ಅಜ್ಜನ ಬಗ್ಗೆ ನನಗೆ ಪ್ರೀತಿ ಇದೆ, ಆದರೆ ಇದನ್ನು ಬಚ್ಚಿಡಲಾರೆ. ತೋಟದ ಧಣಿಗಳು ಎರಡೂ ಕಡೆ ಇದ್ದರು, ಎರಡೂ ಕಡೆಯವರು ಇದನ್ನೇ ಮಾಡಿದರು. ದಾರಿಯಲ್ಲಿ ಒಬ್ಬ ಎರವರ ಹೆಂಗಸು ತಾಯಿಯ ಹತ್ತಿರ ಬಂದು ಮೆಲ್ಲಗೆ, 'ಅವ್ವಾ, ಬಟ್ಟೆಯ ಹಿಂದೆ ಸಾವುಕಾರ್ರು ನಿಂತಿರುತ್ತಾರಾ?' ಎಂದು ಕೇಳಿದಳಂತೆ.

'ಯಾರೂ ಇರುವುದಿಲ್ಲ.'

'ನೀವು?'

'ನಾನೂ ಇರುವುದಿಲ್ಲ. ನೀನೊಬ್ಬಳೇ.'

ಅವಳು ಆಮೇಲೆ ಒಂದು ಮಾತೂ ಆಡದೆ ನಡೆದಳು ಎನ್ನುತ್ತಾಳೆ ಅವ್ವ.

ಆಗಿನ ಓಟು ಈಗಿನಂತಲ್ಲ. ಮುದ್ರೆ ಒತ್ತುವುದು, ಗುಂಡಿ ಒತ್ತುವುದು ಯಾವುದೂ ಇಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಉಕ್ಕಿನ ಪೆಟ್ಟಿಗೆ, ಅದರ ಮೇಲೆ ಅವನ ಗುರುತಿನ ಚಿತ್ರ. ಓದು ಬಾರದವರಿಗೆಂದು ಮಾಡಿದ ಏರ್ಪಾಡು. ಬೆರಳಿಗೆ ಶಾಯಿ ಹಚ್ಚಿ ಕೈಗೊಂದು ಸಣ್ಣ ಕಾಗದ ಕೊಡುತ್ತಾರೆ. ಪರದೆಯ ಹಿಂದೆ ಹೋಗಿ ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. ಕಾಗದದ ಮೇಲೆ ಗೀಟೂ ಇಲ್ಲ, ಗುರುತೂ ಇಲ್ಲ. ಅವ್ವನನ್ನು ಬಾಗಿಲಲ್ಲೇ ನಿಲ್ಲಿಸಿದರು. ಪರದೆಯ ಕೆಳಗೆ ತಾಯಿಯ ಪಾದ ಕಾಣುತ್ತಿತ್ತಂತೆ. ಒಂದು ಕಡೆ ಹೋಯಿತು, ನಿಂತಿತು, ತಿರುಗಿ ಇನ್ನೊಂದು ಕಡೆ ಬಂತು, ಮತ್ತೆ ನಿಂತಿತು. ಎಷ್ಟು ಹೊತ್ತಾಯಿತೆಂದರೆ ಒಳಗಿದ್ದ ಅಧಿಕಾರಿ ಕೆಮ್ಮಿದರು.

24ರಲ್ಲಿ 15 ಎತ್ತಿಗೆ ಹೋಯಿತು, 9 ಇತರರಿಗೆ. ಪೂಣಚ್ಚನವರು 1952ರ ಮಾರ್ಚಿನಲ್ಲಿ ಮುಖ್ಯಮಂತ್ರಿಯಾದರು. ಅಜ್ಜ ಆ ರಾತ್ರಿ ಊಟ ಮಾಡಲಿಲ್ಲ. ಮಾವ ಸುಮ್ಮನಿರಬಹುದಿತ್ತು. ಗೆದ್ದ ಉಬ್ಬಿನಲ್ಲಿ ನಮ್ಮ ಜಗಲಿಗೇ ಬಂದು, 'ನಮ್ಮ ತಂಗಿಯ ಓಟೂ ನಮಗೇ' ಎಂದುಬಿಟ್ಟರು. ಅಜ್ಜ ತಾಯಿಯ ಮುಖ ನೋಡಿದರು. ತಾಯಿ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಅಣ್ಣನನ್ನು ಊಟಕ್ಕೆ ಏಳಿ ಎಂದರು. ಅಣ್ಣ ಊಟಕ್ಕೆ ಏಳಲಿಲ್ಲ, ಮನೆಗೆ ಎದ್ದರು. ಆ ವರ್ಷದ ಕೈಲ್ ಮುಹೂರ್ತಕ್ಕೆ ಅವರು ಬರಲಿಲ್ಲ, ಹುತ್ತರಿಗೆ ನಮ್ಮವರು ಹೋಗಲಿಲ್ಲ. ನಾಲ್ಕು ಮೈಲಿ ದೂರದ ತವರಿಗೆ ತಾಯಿ ನಾಲ್ಕು ವರ್ಷ ಕಾಲಿಡಲಿಲ್ಲ. ನಾನು ಇದ್ದಿದ್ದರೆ ಒಂದು ಸುಳ್ಳು ಹೇಳಿ ಒಬ್ಬರನ್ನಾದರೂ ಸಮಾಧಾನ ಮಾಡುತ್ತಿದ್ದೆನೇನೋ. ತಾಯಿ ಅದನ್ನೂ ಮಾಡಲಿಲ್ಲ.

ರಾಜ್ಯ ಪುನರ್ವಿಂಗಡಣಾ ಆಯೋಗ ಬಂತು, 1955ರಲ್ಲಿ ವರದಿ ಕೊಟ್ಟಿತು, 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಜಗಳದ ವಿಷಯವೇ ಮುಗಿದ ಮೇಲೆ ಜಗಳಕ್ಕೂ ಹುರುಪು ಉಳಿಯಲಿಲ್ಲ. ಆ ಹುತ್ತರಿಗೆ ಮಾವ ತಾವಾಗಿ ಬಂದರು.

ನಾನು ದೊಡ್ಡವಳಾದ ಮೇಲೆ ಪತ್ತೇದಾರಿ ಮಾಡಿದ್ದುಂಟು. ತಾಯಿಯ ಒಬ್ಬ ತಂಗಿ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಮಳೆಗಾಲ, ಹೊಳೆ ತುಂಬಿತ್ತು, ಆಸ್ಪತ್ರೆ ಮುಟ್ಟಲಿಲ್ಲ. ಅದನ್ನು ನೆನೆದಾಗಲೆಲ್ಲ ತಾಯಿ, 'ನಮ್ಮದೇ ರಾಜ್ಯವಿದ್ದಾಗಲೂ ಆ ಹೊಳೆಗೆ ಸೇತುವೆ ಇರಲಿಲ್ಲ' ಎನ್ನುವರು. ಹಾಗಾದರೆ ಎತ್ತು ಎಂದುಕೊಂಡೆ. ಮರು ವರ್ಷ ಅಜ್ಜನ ಯಾವುದೋ ಕಾಗದ ಬೆಂಗಳೂರಿನ ಕಚೇರಿಯೊಂದರಲ್ಲಿ ತಿಂಗಳುಗಟ್ಟಲೆ ಮಲಗಿದಾಗ ಅದೇ ತಾಯಿ, 'ಆಗ ಮಡಿಕೇರಿ ಬಸ್ಸು ಹತ್ತಿದರೆ ಮಂತ್ರಿಯೇ ಸಿಗುತ್ತಿದ್ದರು' ಎಂದರು. ಅಲ್ಲಿಗೆ ತಕ್ಕಡಿ. ನೇರವಾಗಿ ಕೇಳಿದರೆ, 'ಪರದೆ ಕಟ್ಟಿದ್ದು ಯಾಕೆ ಮತ್ತೆ?' ಎನ್ನುವರು. 1994ರಲ್ಲಿ ತೀರಿಕೊಂಡರು, ಹೇಳದೆಯೇ.

ಅವರನ್ನು ಪರದೆಯ ಹಿಂದೆ ಅಷ್ಟು ಹೊತ್ತು ನಿಲ್ಲಿಸಿದ್ದು ಏನೆಂದು ನನಗೆ ಸ್ವಲ್ಪ ಹೊಳೆದದ್ದು 2020ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಅಲ್ಲಿನ ಪೌರಳಾಗಿರುವ ನನ್ನ ನಾದಿನಿಯ ಮಗಳು ಫೋನು ಮಾಡಿ, 'ಅತ್ತೇ, ಓಟು ಹಾಕುವುದಕ್ಕೆ ಪರೀಕ್ಷೆಗೆ ಓದಿದ ಹಾಗೆ ಓದಬೇಕು' ಎಂದು ಗೋಳಾಡಿದಳು. ಅಧ್ಯಕ್ಷರಿಗೊಂದು, ಕಾಂಗ್ರೆಸ್ ಸದಸ್ಯರಿಗೊಂದು ಓಟಲ್ಲದೆ ಆ ಸಲ ರಾಜ್ಯದ ಮತಪತ್ರದಲ್ಲಿ 12 ಪ್ರಶ್ನೆಗಳಿದ್ದವು. ಡಯಾಲಿಸಿಸ್ ಕೇಂದ್ರಗಳಲ್ಲಿ ವೈದ್ಯರು ಇರಲೇಬೇಕೇ, ಆ್ಯಪ್ ಮೂಲಕ ಕಾರು ಓಡಿಸುವವರು ನೌಕರರೇ ಅಲ್ಲವೇ, ಹೀಗೆ. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ. ಪರ ವಿರೋಧ ಎರಡನ್ನೂ ಅಚ್ಚು ಹಾಕಿದ ದಪ್ಪ ಪುಸ್ತಕವನ್ನು ಸರ್ಕಾರವೇ ಮನೆಗೆ ಕಳಿಸುತ್ತದೆಯಂತೆ. ಎಲ್ಲ ಓದಿಯೂ ಟಿವಿಯಲ್ಲಿ ಬಂದ ಜಾಹೀರಾತೇ ತಲೆಯಲ್ಲಿ ಉಳಿಯಿತು ಎಂದು ಅವಳ ದೂರು.

ಅಂದರೆ ಅಲ್ಲಿ ಮನುಷ್ಯನಿಗೆ ಒಂದು ಓಟು, ಮಾತಿಗೆ ಇನ್ನೊಂದು. ತಾಯಿಗೆ ಮನುಷ್ಯನೂ ಮಾತೂ ಒಂದೇ ಪೆಟ್ಟಿಗೆಯಲ್ಲಿದ್ದವು. ಸೇತುವೆ ಬೇಕು, ಆದರೆ ಮಡಿಕೇರಿಯ ಮಂತ್ರಿಯೂ ಇರಲಿ ಎನ್ನುವ ಹೆಂಗಸು ಕಾಗದವನ್ನು ಎಲ್ಲಿ ಹಾಕಬೇಕು? ಕೊಡಗು ಸೇರಬೇಕೇ ಬೇಡವೇ ಎಂದು ಕೊಡಗಿನವರನ್ನು ಬೇರೆಯಾಗಿ, ಅದೊಂದನ್ನೇ ಕೇಳಿದ ದಿನ ಬರಲೇ ಇಲ್ಲ. ಕೇಳಿದ್ದರೂ ಎತ್ತೇ ಗೆಲ್ಲುತ್ತಿತ್ತೇನೋ. ನಾನು ವಿಲೀನದ ವಿರೋಧಿಯಲ್ಲ. ನನ್ನ ಓದು, ಮದುವೆ, ಅನ್ನ ಎಲ್ಲ ಮೈಸೂರಿನದೇ. ಆದರೂ ಕೇಳಬೇಕಿತ್ತು ಅನಿಸುತ್ತದೆ.

ಕೇಳದೆ ಸೇರಿಸುವುದು ಆಮೇಲೂ ನಡೆಯಿತು. ಲೋಕಸಭೆಗೆ ನಾವು ಬಹುಕಾಲ ಮಂಗಳೂರಿನ ಜೊತೆ. ಅಭ್ಯರ್ಥಿಗಳು ಸಂಪಾಜೆ ಘಾಟಿ ಹತ್ತಿ ಬರುವಾಗಲೇ ಬಳಲಿರುತ್ತಿದ್ದರು. ಕ್ಷೇತ್ರ ವಿಂಗಡಣೆಯಾಗಿ 2009ರಿಂದ ಮೈಸೂರಿನ ಜೊತೆ. ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಮಡಿಕೇರಿ, ವಿರಾಜಪೇಟೆ ಎರಡು ಮಾತ್ರ ಕೊಡಗಿನವು. ಮೊದಲು ಮೂರಿದ್ದ ವಿಧಾನಸಭಾ ಸ್ಥಾನಗಳೂ ಆಗಲೇ ಎರಡಾದವು. ಒಂದು ಕಾಲಕ್ಕೆ ಇಪ್ಪತ್ತನಾಲ್ಕು! ಒಂದು ಲಾಭವಾಯಿತು. ಮದುವೆಯಾಗಿ ಬಿಟ್ಟು ಬಂದ ಊರು ನನ್ನ ಬೆನ್ನ ಹಿಂದೆಯೇ ಬಂದು, ಅವ್ವ ಮತ್ತು ನಾನು ಒಂದೇ ಲೋಕಸಭಾ ಸ್ಥಾನಕ್ಕೆ ಓಟು ಹಾಕುವಂತಾಯಿತು. ಬೆರಳಿಗೆ ಹಚ್ಚುವ ಶಾಯಿ ಹೇಗೂ 1962ರಿಂದ ಮೈಸೂರಿನ ಕಾರ್ಖಾನೆಯದೇ.

2023ರ ವಿಧಾನಸಭಾ ಚುನಾವಣೆಗೆ ನಾನು ವಿರಾಜಪೇಟೆ ಕಡೆಯ ನಮ್ಮ ಮನೆಯಲ್ಲೇ ಇದ್ದೆ. ಅವ್ವನಿಗೆ ಎಂಬತ್ತೆರಡು, ಮಂಡಿ ನೋವು. ಎಂಬತ್ತು ದಾಟಿದವರು ಮನೆಯಲ್ಲೇ ಓಟು ಹಾಕಬಹುದು ಎಂಬ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಬಂದದ್ದು ಆ ಸಲವೇ. ನಾಲ್ಕೈದು ದಿನಗಳಿಂದ ಮನೆಯಲ್ಲಿ ಅದೇ ಮಾತು. ಆನೆ ತೋಟಕ್ಕೆ ನುಗ್ಗುವುದನ್ನು ಯಾರು ತಡೆದರು ಎಂದು ಅಣ್ಣ, 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡ ನೆಂಟರ ಕಥೆ ಹೇಳುತ್ತಾ ಅತ್ತಿಗೆ, ಪಾರ್ಟಿ ನೋಡಬೇಕು ಎಂದು ಒಬ್ಬ ಮೊಮ್ಮಗ, ಮನುಷ್ಯನನ್ನು ನೋಡಬೇಕು ಎಂದು ಇನ್ನೊಬ್ಬ. ಅವ್ವ ಎಲ್ಲರ ಮಾತಿಗೂ ತಲೆಯಾಡಿಸುತ್ತಿದ್ದಳು.

ಅಧಿಕಾರಿಗಳು ಬಂದರು. ಪೊಲೀಸಿನವನೊಬ್ಬ, ಕ್ಯಾಮೆರಾ ಹಿಡಿದವನೊಬ್ಬ. ಜಗಲಿಯ ಮೇಜಿನ ಮೇಲೆ ರಟ್ಟಿನ ಮರೆ ಇಟ್ಟರು. ಹೇಳಿದ್ದೆಲ್ಲ ಕೇಳಿದ ಮೇಲೆ ಅವ್ವ ಕನ್ನಡಕ ಹಾಕಿಕೊಂಡು ಸುತ್ತ ನೋಡಿದಳು. ಅಣ್ಣ ಕಂಬಕ್ಕೆ ಒರಗಿದ್ದ, ಅತ್ತಿಗೆ ಕಿಟಕಿಯಲ್ಲಿ, ಮಕ್ಕಳು ಮೆಟ್ಟಿಲಲ್ಲಿ.

'ಎಲ್ಲರೂ ಅಂಗಳಕ್ಕೆ ಹೋಗಿ.'

ನಾನು ಅವಳ ಕುರ್ಚಿ ಹಿಡಿದುಕೊಂಡು ನಿಂತೇ ಇದ್ದೆ.

'ನೀನೂ.'

ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು. ಅವ್ವ ಬಹಳ ಹೊತ್ತು ತೆಗೆದುಕೊಂಡಳು. ಲಕೋಟೆ ಅಂಟಿಸಿ, ಸಹಿ ಮಾಡಿಸಿಕೊಂಡು ಅವರು ಹೊರಟುಹೋದ ಮೇಲೆ ನಾನು ಒಳಗೆ ಹೋಗಿ ಕಾಫಿ ಮಾಡಿ ತಂದು ಕೈಗಿಟ್ಟು, ಪಕ್ಕದಲ್ಲಿ ಕೂತು, ಅವಳದ್ದನ್ನು ಕೇಳಲು ಧೈರ್ಯ ಸಾಲದೆ, 'ಅವ್ವಾ, ತಾಯಿ ಯಾರಿಗೆ ಹಾಕಿದ್ದಿರಬಹುದು?' ಎಂದೆ.

ಅವ್ವ ಒಂದು ಗುಟುಕು ಕುಡಿದಳು.

'ಬೆಲ್ಲ ಕಡಿಮೆಯಾಗಿದೆ' ಎಂದಳು.