‘ಕಟ್’ ಹೇಳೋರಿಲ್ಲದ ದಾರಿ

ಸಿನಿಮಾದಲ್ಲಿ ಅಮೆರಿಕಾ ಎಷ್ಟು ದೂರ? ಒಂದು ‘ಕಟ್’ ದೂರ! ಹೀರೋ ಸೂಟ್‌ಕೇಸ್ ಹಿಡಿದು ಟಾಟಾ ಮಾಡ್ತಾನೆ, ವಿಮಾನ ಮೇಲೇರುತ್ತೆ, ಮುಂದಿನ ಶಾಟ್‌ನಲ್ಲೇ ಕೋಟು ತೊಟ್ಟು ಅಲ್ಲಿಯ ಬೀದಿಯಲ್ಲಿ ಹಾಡ್ತಿರ್ತಾನೆ. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ ಅಮೆರಿಕಾ’ ಚಿತ್ರವನ್ನು ಟೀವಿಯಲ್ಲಿ ನೋಡಿದಾಗ ನಾನೂ ಹಾಗೇ ಅಂದುಕೊಂಡಿದ್ದೆ.

ಅದು ಸುಳ್ಳೆಂದು ಗೊತ್ತಾಗಿದ್ದು ಗೆಳೆಯನ ಅಪ್ಪ ತೀರಿಕೊಂಡ ದಿನ. ಪಿಯುಸಿಯಲ್ಲಿ ನಮ್ಮಿಬ್ಬರದು ಒಂದೇ ಬೆಂಚು. ನಾನು ಅರ್ಧಕ್ಕೇ ಬಿಟ್ಟೆ. ಅವನು ಓದಿ ಸ್ಯಾನ್ ಫ್ರಾನ್ಸಿಸ್ಕೋ ಸೇರಿದ. ಫೋನಿನಲ್ಲಿ ಅವನಂದದ್ದು ಒಂದೇ ಮಾತು: “ನಾ ಬರೋವರೆಗೂ ಎತ್ತಬೇಡಿ ಕಣೋ.” ಊರ ಹಿರಿಯರು ನನ್ನ ಕಡೆ ತಿರುಗಿದರು. “ಪೇಪರಿಗೆ ಬರೆಯೋನು ನೀನು. ಎಷ್ಟೊತ್ತಾಗುತ್ತೆ ಹೇಳಪ್ಪಾ.”

ಲೆಕ್ಕ ಹಾಕಿದೆ, ಓದುಗ ಮಿತ್ರರೇ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹತ್ತಿರದ ದಾರಿಯೇ ಸುಮಾರು 14,000 ಕಿಲೋಮೀಟರ್. ಗೋಡೆಯ ಭೂಪಟ ನಂಬಬೇಡಿ. ಶಾಲೆಯ ಭೂಗೋಳದ ಮೇಲೆ ದಾರ ಹಿಡಿದು ನೋಡಿ. ದಾರ ಉತ್ತರಕ್ಕೆ ಬಾಗಿ ಹಾದುಹೋಗುತ್ತೆ! 2021ರ ಜನವರಿ 9, ಶನಿವಾರ ರಾತ್ರಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಬೋಯಿಂಗ್ 777 ಹಾರಿಸಿದರು. ಎಲ್ಲೂ ನಿಲ್ಲದೆ ಬೆಂಗಳೂರಲ್ಲಿ ಇಳಿದಾಗ ಸೋಮವಾರ ನಸುಕು. ಹಾರಿದ್ದು ಸುಮಾರು 17 ಗಂಟೆ. ಹಾಗಾದರೆ ಭಾನುವಾರ ಎಲ್ಲಿ ಹೋಯ್ತು? ಅಷ್ಟು ವಿಮಾನ ನುಂಗಿತು, ಇಷ್ಟು ಗಡಿಯಾರ ನುಂಗಿತು. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದೆ!

ಗೆಳೆಯನಿಗೆ ಆ ಭಾಗ್ಯವಿರಲಿಲ್ಲ. ಸಿಕ್ಕಿದ್ದು ನಡುವೆ ವಿಮಾನ ಬದಲಿಸುವ ಟಿಕೆಟ್. ಕಾಯುವುದೂ ಸೇರಿ 24 ಗಂಟೆ. ಆಮೇಲೆ ತಿಪಟೂರಿನಾಚೆ ನಮ್ಮೂರಿಗೆ ಕಾರಲ್ಲಿ ನಾಲ್ಕು ಗಂಟೆ. “ನಾಳಿದ್ದು ಬೆಳಗಿನ ಜಾವ,” ಅಂದೆ. ಯಾರೂ ಮಾತಾಡಲಿಲ್ಲ. ಫ್ರೀಜರ್ ಪೆಟ್ಟಿಗೆ ತರಿಸಿದರು.

ಮಾರನೇ ರಾತ್ರಿ ದೇವನಹಳ್ಳಿ ವಿಮಾನ ನಿಲ್ದಾಣದ ಹೊರಗೆ ನಿಂತೆ. ಅವನು ಬಂದ, ಹೆಗಲಲ್ಲಿ ಒಂದೇ ಚೀಲ. ಕಾರಿನಲ್ಲಿ ತುಟಿ ಬಿಚ್ಚಲಿಲ್ಲ. ತುಮಕೂರು ದಾಟಿದ ಮೇಲೆ ಅಂದ: “ಸೀಟಿನ ಮುಂದೆ ಪರದೆ ಇರುತ್ತೆ ಕಣೋ, ಅದರಲ್ಲಿ ಪುಟ್ಟ ವಿಮಾನದ ಚಿತ್ರ. ಎಷ್ಟೊತ್ತು ನೋಡಿದ್ರೂ ಅದು ಅಲ್ಲೇ ಇತ್ತು.”

ಕೋಳಿ ಕೂಗೋ ಹೊತ್ತಿಗೆ ಮನೆ ಮುಂದೆ ಕಾರು ನಿಂತಿತು. ಅರ್ಧ ಭೂಮಿ ಸುತ್ತಿ ಬಂದವನಿಗೆ ಅಂಗಳದ ಹತ್ತು ಹೆಜ್ಜೆ ದಾಟಲು ಕಾಲೇ ಬರಲಿಲ್ಲ. ಕೈ ಹಿಡಿದು ನಡೆಸಿದೆ. ಅಲ್ಲಿ ‘ಕಟ್’ ಹೇಳೋರು ಯಾರೂ ಇರಲಿಲ್ಲ.