ನೆಗಡಿಯಾದ ಮರಿಗೆ ಮೊದಲು ವಾಸನೆ

ಬೆಕ್ಕಿನ ಮರಿ ಎರಡು ಸಲ ಸೀನಿತೆಂದರೆ ಸಾಕು, ಮನೆಯಲ್ಲಿ ಯಾರದಾದರೂ ಒಂದು ಕೈ ನೆಗಡಿ ಮುಲಾಮಿನ ಡಬ್ಬಿಯನ್ನು ಹುಡುಕುತ್ತದೆ. ಕೂಸಿನ ಎದೆಗೆ ಹಚ್ಚುವುದಿಲ್ಲವೇ, ಇದೂ ಕೂಸೇ ಅಲ್ಲವೇ ಎಂಬ ಕಕ್ಕುಲಾತಿ ಅದರ ಹಿಂದಿರುತ್ತದೆ. ಕಕ್ಕುಲಾತಿಯ ಬಗ್ಗೆ ನನಗೆ ಗೌರವವಿದೆ, ಡಬ್ಬಿಯ ಬಗ್ಗೆ ಸಿಟ್ಟಿದೆ. ಹುಬ್ಬಳ್ಳಿ ತಾಲೂಕಿನ ಶಿರಗುಪ್ಪಿಯಂಥ ಎರಿನೆಲದ ಊರಲ್ಲಿ ಬೆಕ್ಕು ಬರಿಯ ಮುದ್ದಿನ ಪ್ರಾಣಿಯಲ್ಲ. ಜೋಳ, ಕಡಲಿ, ಶೇಂಗಾದ ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಆ ಚೀಲಗಳ ಸಂದಿಯಲ್ಲೇ ಮರಿಗಳು ಹುಟ್ಟುತ್ತವೆ, ಅಲ್ಲೇ ಮೂಗು ಸೋರಿಸಿಕೊಂಡು, ಕಣ್ಣಿಗೆ ಪಿಚ್ಚು ಹತ್ತಿಸಿಕೊಂಡು ಮುದುಡಿ ಕೂಡುತ್ತವೆ. ಅವುಗಳ ಆರೈಕೆಯನ್ನು ಪ್ರೀತಿಯಿಂದ ಮಾಡುವವರೊಡನೆ ನನ್ನ ಜಗಳ ಒಂದೇ. ಮರಿಯ ಮೂಗು ನಮಗೆ ಉಸಿರಿನ ದಾರಿಯಾಗಿ ಮಾತ್ರ ಕಾಣುತ್ತದೆ. ಮರಿಗೆ ಅದು ಊಟದ ದಾರಿಯೂ ಹೌದು. ಎಷ್ಟೋ ಮರಿಗಳು ಸೊರಗಿಹೋಗುವುದು ಸೀನಿನಿಂದಲ್ಲ, ವಾಸನೆ ಹತ್ತದೆ ಉಣ್ಣುವುದನ್ನು ಬಿಟ್ಟಿದ್ದರಿಂದ.

ಬೆಕ್ಕು ಊಟವನ್ನು ಒಪ್ಪುವುದು ಮೊದಲು ಮೂಗಿನಿಂದ. ಸಿಹಿಯಂತೂ ಅದಕ್ಕೆ ತಿಳಿಯುವುದೇ ಇಲ್ಲ. ಸಿಹಿಯನ್ನು ಗುರುತಿಸುವ ಗ್ರಾಹಕಕ್ಕೆ ಬೇಕಾದ ಒಂದು ಜೀನ್ ಬೆಕ್ಕಿನ ಕುಲದಲ್ಲೇ ಕೆಲಸ ನಿಲ್ಲಿಸಿದೆ ಎಂದು ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಹಾಗಿರುವಾಗ ಬಾಯಿ ಕಟ್ಟಿದ ಮರಿಯ ಹಾಲಿಗೆ ಸಕ್ಕರೆ ಬೆರೆಸಿ ಆಸೆ ತೋರಿಸುವುದರಲ್ಲಿ ಅರ್ಥವಿಲ್ಲ. ಬಾಯಿ ತೆರೆಸಿ ಸುರಿಯುವುದು ಇನ್ನೂ ಕೆಟ್ಟದ್ದು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಎಲ್ಲ ಮಕ್ಕಳಿಗೂ ಗೊತ್ತು: ಒಮ್ಮೆ ಕುದಿಯುವ ಹಾಲಿಗೆ ಬಾಯಿ ಹಾಕಿ ಸುಟ್ಟುಕೊಂಡದ್ದು ಆಮೇಲೆ ಹಾಲು ಕಂಡರೇ ಓಡುತ್ತಿತ್ತು. ನಗಿಸುವುದಕ್ಕೆ ಹೇಳಿದ ಕತೆಯಾದರೂ ಅದರೊಳಗಿನ ಕಾಣ್ಕೆ ನಿಜವಾದದ್ದು. ಸಂಕಟದ ಹೊತ್ತಿನಲ್ಲಿ ಬಾಯಿಗೆ ತುರುಕಿದ್ದನ್ನು ಬೆಕ್ಕು ಮರೆಯುವುದಿಲ್ಲ. ಕಹಿ ಔಷಧಿ ಕಲೆಸಿದ ಅನ್ನವನ್ನು ಮೂಗು ತೆರೆದ ಮೇಲೂ ಮೂಸಿ ದೂರ ಹೋಗುತ್ತದೆ. ಔಷಧಿ ಬೇರೆ, ಊಟ ಬೇರೆ ಇರಬೇಕು.

ಕೆಲಸದ ಸೊಗಸೆಲ್ಲ ಇರುವುದು ಕ್ರಮದಲ್ಲಿ: ಮೊದಲು ಕಾವು, ಆಮೇಲೆ ಮೂಗು, ಕೊನೆಗೆ ಬಟ್ಟಲು. ಬೆಕ್ಕಿನ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಮೈ ತಣ್ಣಗಾದ ಎಳೆಮರಿಯ ಕರುಳು ಊಟವನ್ನು ಅರಗಿಸುವುದಿಲ್ಲ, ಆದ್ದರಿಂದ ಹಸಿದಿದೆ ಎಂದು ಅವಸರ ಮಾಡಬಾರದು. ಬುಟ್ಟಿಯ ಅರ್ಧಕ್ಕೆ ಮಾತ್ರ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟು ಮೇಲೆ ಹಳೆಯ ಕೌದಿಯ ತುಂಡು ಹಾಸಬೇಕು. ಸೆಕೆಯಾದರೆ ಮರಿ ಉಳಿದರ್ಧಕ್ಕೆ ಸರಿದುಕೊಳ್ಳಲಿ. ಬಚ್ಚಲಲ್ಲಿ ಜಳಕಕ್ಕೆ ಬಿಸಿನೀರು ತೋಡಿದಾಗ ತುಂಬುವ ಉಗಿಯೇ ಮರಿಗೆ ಸಾಕು. ಹತ್ತು ಹದಿನೈದು ನಿಮಿಷ ಬುಟ್ಟಿಯನ್ನು ಅಲ್ಲಿಟ್ಟರೆ ಒಣಗಿದ ಸಿಂಬಳ ಸಡಿಲಾಗುತ್ತದೆ. ಆದರೆ ಹಂಡೆಯ ಒಲೆ ಅಲ್ಲೇ ಹೊಗೆಯಾಡುತ್ತಿದ್ದರೆ ಬೇಡವೇ ಬೇಡ. ಹೊಗೆ ಉಗಿಯ ಉಪಕಾರವನ್ನೆಲ್ಲ ಕೆಡಿಸುತ್ತದೆ. ಆಮೇಲೆ ಕಾಸಿ ಆರಿಸಿದ ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಮೂಗಿನ ಹೆಕ್ಕಳಿಕೆಯ ಮೇಲೆ ಒತ್ತಿ ಹಿಡಿಯಬೇಕು, ಕೆರೆಯಬಾರದು. ಅದು ತಾನಾಗಿ ಮೆತ್ತಗಾಗಿ ಹತ್ತಿಗೆ ಬರುವವರೆಗೆ ಕಾಯುವ ತಾಳ್ಮೆಯೇ ಇಲ್ಲಿನ ಕೌಶಲ. ಕಣ್ಣನ್ನು ಮೂಗಿನ ಕಡೆಯಿಂದ ಹೊರಕ್ಕೆ ಒರೆಸಬೇಕು, ಕಣ್ಣಿಗೊಂದು ಬೇರೆ ಹತ್ತಿ. ಮೂಗು ತೆರೆದ ಕೂಡಲೆ, ಮತ್ತೆ ಕಟ್ಟುವ ಮೊದಲು, ಬಟ್ಟಲು ಬರಬೇಕು. ಮೀನು ಇಲ್ಲವೆ ಕೋಳಿ ಬೇಯಿಸಿದ ನೀರು, ಅದರಲ್ಲಿ ಹಿಸುಕಿದ ಒಂದು ಚಮಚೆಯಷ್ಟು ತುಣುಕು; ಉಪ್ಪು, ಖಾರ, ಉಳ್ಳಾಗಡ್ಡಿ ಏನೂ ಇಲ್ಲ. ಮುಂಗೈ ಮೇಲೆ ಒಂದು ಹನಿ ಬಿಟ್ಟರೆ ಬಿಸಿಯೂ ಅಲ್ಲ, ತಂಪೂ ಅಲ್ಲ ಅನ್ನಿಸಬೇಕು. ಆ ಹದದಲ್ಲಿ ವಾಸನೆ ಚೆನ್ನಾಗಿ ಏಳುತ್ತದೆ, ಆರಿದರೆ ಸತ್ತುಹೋಗುತ್ತದೆ. ಬಟ್ಟಲನ್ನು ಮೋರೆಗೆ ಒತ್ತದೆ ಪಕ್ಕಕ್ಕಿಟ್ಟು ಸುಮ್ಮನಿರಬೇಕು. ಮರಿಯ ಕಣ್ಣು ಮುಚ್ಚಿಯೇ ಇರುತ್ತದೆ. ಮೀಸೆಯ ಬುಡ ಮಾತ್ರ ಅದುರುತ್ತದೆ, ಮೂಗಿನ ತುದಿ ಒಮ್ಮೆ ಹಿಗ್ಗಿ ಕುಗ್ಗುತ್ತದೆ, ತಲೆ ಮೆಲ್ಲಗೆ ಬಟ್ಟಲ ಕಡೆ ತಿರುಗುತ್ತದೆ. ಈ ಆರೈಕೆಯಲ್ಲಿ ಅದಕ್ಕಿಂತ ದೊಡ್ಡ ಸಂತೋಷ ನನಗೆ ಗೊತ್ತಿಲ್ಲ. ಹತ್ತು ನಿಮಿಷದಲ್ಲಿ ತಿನ್ನದಿದ್ದರೆ ಬಟ್ಟಲು ತೆಗೆದು, ಎರಡು ತಾಸು ಬಿಟ್ಟು ಮತ್ತೆ ಮೊದಲಿನಿಂದ.

ಇಂಥ ಜಾಗಕ್ಕೆ ಮುಲಾಮು ತರುತ್ತೇವೆ. ಅದರಲ್ಲಿರುವ ಕರ್ಪೂರ, ಮೆಂಥಾಲ್, ನೀಲಗಿರಿ ಎಣ್ಣೆ ಬೆಕ್ಕಿಗೆ ವಿಷ. ಮೈ ನೆಕ್ಕಿಕೊಳ್ಳುವ ಪ್ರಾಣಿಗೆ ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಮೇಲಾಗಿ ಆ ಘಾಟು, ತೆರೆಯಬೇಕಾದ ಒಂದೇ ದಾರಿಯನ್ನೂ ತುಂಬಿಬಿಡುತ್ತದೆ. ಬೆಳ್ಳುಳ್ಳಿ ಕಷಾಯ ಕೊಡುವವರಿದ್ದಾರೆ; ಬೆಳ್ಳುಳ್ಳಿ, ಉಳ್ಳಾಗಡ್ಡಿ ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಎಲ್ಲಕ್ಕಿಂತ ಭಯಂಕರವಾದದ್ದು ಜ್ವರದ ಮಾತ್ರೆ. ಪ್ಯಾರಾಸಿಟಮಾಲನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಕಂದಾಗಿ ಆಮ್ಲಜನಕ ಹೊರುವುದನ್ನು ಬಿಡುತ್ತದೆ. 500 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ ಸಣ್ಣ ಮರಿಯ ಪ್ರಾಣ ತೆಗೆಯಬಲ್ಲದು. ನೆಗಡಿಯಿಂದ ಬದುಕುತ್ತಿದ್ದ ಮರಿ ಪ್ರೀತಿಯಿಂದ ಸಾಯುವುದನ್ನು ನೆನೆದರೆ ಎದೆ ಉರಿಯುತ್ತದೆ. ಓದಿಕೊಂಡವರೂ ಕಡಿಮೆಯಿಲ್ಲ, ಅವರು ಲೈಸಿನ್ ಪುಡಿ ತರಿಸುತ್ತಾರೆ. ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2015ರ ಒಂದು ಸಮೀಕ್ಷೆ, ಬೆಕ್ಕಿಗೆ ನೆಗಡಿ ತರುವ ಹರ್ಪಿಸ್ ವೈರಸ್ಸಿಗೆ ಅದರಿಂದ ಉಪಯೋಗವಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಆದರೂ ಪುಡಿ ಮಾರಾಟವಾಗುತ್ತಲೇ ಇದೆ.

ಹಳ್ಳಿಯ ಬೆಕ್ಕಿಗೆ ಇದೆಲ್ಲ ಯಾಕೆ, ತಾನೇ ಆರಾಮಾಗುತ್ತದೆ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬೆಕ್ಕಿನ ನೆಗಡಿಗೆ ಬಹುಪಾಲು ಕಾರಣ ಹರ್ಪಿಸ್ ಮತ್ತು ಕ್ಯಾಲಿಸಿ ಎಂಬ ಎರಡು ವೈರಸ್ಸುಗಳು. ಸಾಮಾನ್ಯವಾಗಿ ವಾರ ಹತ್ತು ದಿನಕ್ಕೆ ಅದು ಇಳಿಯುತ್ತದೆ. ಆದರೆ ಆ ಹತ್ತು ದಿನ ದಾಟಲು ದೊಡ್ಡ ಬೆಕ್ಕಿಗೆ ಮೈಯಲ್ಲಿ ಕೊಬ್ಬಿದೆ, ಅಂಗೈಯಷ್ಟಿರುವ ಮರಿಗೆ ಏನಿದೆ? ನಮ್ಮ ಮನೆಯಲ್ಲಿ ಮೀನು ಮಾಂಸ ಹೊಸಿಲು ದಾಟುವುದಿಲ್ಲ ಎನ್ನುವುದು ಇನ್ನೂ ಗಟ್ಟಿಯಾದ ಆಕ್ಷೇಪ, ಅದನ್ನು ತಳ್ಳಿಹಾಕಲಾರೆ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಮರಿಗಳಿಗೆಂದೇ ಮಾಡಿದ ಮೆತ್ತನೆಯ ಆಹಾರದ ಪೊಟ್ಟಣ ಸಿಗುತ್ತದೆ. ಪೊಟ್ಟಣವನ್ನೇ ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ ಹೊರಗಿನ ಕಟ್ಟೆಯ ಮೇಲೆ ಉಣಿಸಬಹುದು. ಆಕಳ ಹಾಲೊಂದರಿಂದಲೇ ಸಾಗಿಸುವುದು ಬೇಡ, ಬಹಳ ಮರಿಗಳಿಗೆ ಅದು ಹೊಟ್ಟೆ ಕೆಡಿಸುತ್ತದೆ. ನನ್ನ ವಾದ ನಿಲ್ಲದ ಜಾಗವೂ ಒಂದಿದೆ. ಮರಿ ವಾಸನೆ ಹಿಡಿದು ಆಸೆಯಿಂದ ಬಂದು, ನಾಲಿಗೆ ತಾಗಿಸಿದ ಕೂಡಲೆ ಹಿಂದೆ ಸರಿದು ಜೊಲ್ಲು ಸುರಿಸಿದರೆ ತೊಂದರೆ ಮೂಗಿನದಲ್ಲ. ಕ್ಯಾಲಿಸಿ ವೈರಸ್ಸು ನಾಲಿಗೆಯ ಮೇಲೆ ಹುಣ್ಣು ಎಬ್ಬಿಸಿರುತ್ತದೆ. ಆಗಲೂ, ಬಾಯಿ ತೆರೆದು ಉಸಿರಾಡಿದಾಗಲೂ, ಕಣ್ಣು ತೆರೆಯಲಾರದಂತೆ ಅಂಟಿಕೊಂಡಾಗಲೂ, ಅರ್ಧ ದಿನ ಏನೂ ಮುಟ್ಟದಿದ್ದಾಗಲೂ ಪಶುವೈದ್ಯರೇ ಬೇಕು. ಅವರು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟರೆ ಹಿಂದೆಯೇ ನೀರು ಕುಡಿಸುವುದನ್ನು ಮರೆಯಬಾರದು, ಗಂಟಲಲ್ಲಿ ನಿಂತ ಮಾತ್ರೆ ಅನ್ನನಾಳವನ್ನು ಸುಡುತ್ತದೆ. ಗುಣವಾಗುತ್ತಿದೆಯೋ ಇಲ್ಲವೋ ಎಂಬುದನ್ನು ಸೀನು ಎಣಿಸಿ ತಿಳಿಯಲಾಗದು. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೇ ಸಾಕ್ಷಿ. ದಿನಕ್ಕೆ ಹತ್ತು ಗ್ರಾಂ ಏರಿದರೂ ಮರಿ ಗೆಲ್ಲುತ್ತಿದೆ.

ಮರಿಗೆ ನೆಗಡಿ ಎಲ್ಲಿಂದ ಬಂತೆಂದರೆ ಎಲ್ಲರೂ ಥಂಡಿಗಾಳಿಯ ಕಡೆ ಬೆರಳು ತೋರಿಸುತ್ತಾರೆ. ಬಹಳ ಸಲ ಅದು ತಾಯಿಯಿಂದಲೇ ಬಂದಿರುತ್ತದೆ. ಹರ್ಪಿಸ್ ವೈರಸ್ಸು ಒಮ್ಮೆ ಹೊಕ್ಕರೆ ನರಗಳ ಗಂಟಿನಲ್ಲಿ ಆಯುಷ್ಯಪೂರ್ತಿ ಅಡಗಿರುತ್ತದೆ. ಮೈಗೆ, ಮನಸ್ಸಿಗೆ ಆಯಾಸವಾದಾಗ ಮತ್ತೆ ಹೊರಬೀಳುತ್ತದೆ. ಈದು ಮರಿಗಳಿಗೆ ಹಾಲೂಡಿಸುವುದೂ ಅಂಥ ಆಯಾಸವೇ. ಆರೆಂಟು ವಾರಕ್ಕೆ ಸುರುವಾಗುವ ಲಸಿಕೆ ರೋಗದ ಜೋರನ್ನು ಇಳಿಸುತ್ತದೆ, ಅಡಗಿದ್ದನ್ನು ಕೀಳುವುದಿಲ್ಲ. ಈ ಸಲ ಬದುಕಿದ ಮರಿ ದೊಡ್ಡದಾದ ಮೇಲೆ, ನಾಗರಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು, ಅವರ ಕೂಸುಗಳ ಗದ್ದಲದಲ್ಲಿ ಅಟ್ಟ ಸೇರಿ ಕೂತಿರುತ್ತದೆ. ಜೋಕಾಲಿ ಬಿಚ್ಚಿ, ಎಲ್ಲರೂ ಬಸ್ಸು ಹತ್ತಿ ಹೋಗಿ ಒಂದು ವಾರಕ್ಕೆ ಅದರ ಕಣ್ಣು ಒದ್ದೆಯಾಗಿ, ಬಟ್ಟಲಲ್ಲಿ ಊಟ ಹಾಗೇ ಉಳಿದಿದ್ದರೆ, ಆ ಊಟವನ್ನು ಚೆಲ್ಲಿ ಬೆಚ್ಚಗಿನದನ್ನು ಇಡಬೇಕು, ಮೂಗನ್ನು ಒರೆಸಿದ ಮೇಲೆ.