ಆಟಿಯಲ್ಲಿ ಆಫ್‌ಲೈನ್

17 ಜುಲೈ 2024, ಬುಧವಾರ
ಸಂಪಾಜೆ

ಆಟಿ ತಿಂಗಳು ಹೊಕ್ಕಿತು. ಮೊನ್ನೆ ರಾತ್ರಿ ಹೋದ ಕರೆಂಟ್ ಇನ್ನೂ ಬಂದಿಲ್ಲ. ಕಲ್ಲುಗುಂಡಿಯಿಂದ ಆಚೆ ಎಲ್ಲೋ ಲೈನಿನ ಮೇಲೆ ಮರ ಬಿದ್ದಿದೆಯಂತೆ. ಟವರಿನ ಬ್ಯಾಟರಿಯೂ ಮುಗಿದು ಮೊಬೈಲ್ ಈಗ ಬರೀ ಟಾರ್ಚ್.

ಅಕ್ಕನ ಮಗ ಸುಳ್ಯದಲ್ಲಿ ಪಿಯುಸಿ, ನಮ್ಮ ಮನೆಯಿಂದಲೇ ಹೋಗಿ ಬರುವುದು. ಮೊಹರಂ ರಜೆ ಅಂತ ಬೆಳಿಗ್ಗೆಯೇ ಇನ್ವರ್ಟರಿನ ಪ್ಲಗ್ಗಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಕಾರಿನ ಆಟ ತೆರೆದ. ದುಡ್ಡು ಕೊಟ್ಟು ಕೊಂಡ ಆಟ. ನಮ್ಮ ನೆಟ್‌ನಲ್ಲಿ ಅದನ್ನು ಇಳಿಸಿಕೊಳ್ಳುವುದೇ ಒಂದು ವ್ರತ. ಪರದೆಯ ಮೇಲೆ ‘ಸರ್ವರ್ ಸಿಗುತ್ತಿಲ್ಲ’ ಅಂತ ಬಂತು.

“ಮಾವ, ಆಟ ನನ್ನ ಡಿಸ್ಕಿನಲ್ಲೇ ಉಂಟಲ್ಲ. ಆಡುವುದು ನಾನೊಬ್ಬನೇ. ಸರ್ವರಿಗೆ ಇಲ್ಲಿ ಎಂತ ಕೆಲಸ?”

ಸರಿಯಾದ ಪ್ರಶ್ನೆ. ಈ ವರ್ಷ ಮಾರ್ಚ್ 31ಕ್ಕೆ ಯೂಬಿಸಾಫ್ಟ್ ಕಂಪನಿ ‘ದಿ ಕ್ರ್ಯೂ’ ಎಂಬ ಕಾರಿನ ಆಟದ ಸರ್ವರ್ ಮುಚ್ಚಿತು. 2014ರಲ್ಲಿ ಬಂದ ಆಟ ಅದು. ಒಬ್ಬನೇ ಓಡಿಸಿಕೊಂಡು ಹೋಗುವವನಿಗೂ ಸರ್ವರಿನ ಅಪ್ಪಣೆ ಬೇಕಿತ್ತು. ಈಗ ಡಿಸ್ಕ್ ಇದ್ದವರ ಹತ್ತಿರವೂ ಆಟ ಇಲ್ಲ. ರಾಸ್ ಸ್ಕಾಟ್ ಎಂಬ ಯೂಟ್ಯೂಬಿನವ ಇದರ ವಿರುದ್ಧ ಏಪ್ರಿಲಿನಲ್ಲಿ ಚಳವಳಿಯನ್ನೇ ಎಬ್ಬಿಸಿದ್ದಾನೆ: ಸರ್ವರ್ ಮುಚ್ಚುವುದಿದ್ದರೆ ಮುಚ್ಚಿ, ಅದಕ್ಕೆ ಮೊದಲು ಆಟ ತನ್ನಷ್ಟಕ್ಕೆ ನಡೆಯುವ ಹಾಗೆ ಮಾಡಿಕೊಡಿ ಅಂತ. ನ್ಯಾಯವಾದ ಮಾತು. ಬೆಂಗಳೂರಿನಲ್ಲಿ ಕೂತವರಿಗೆ ಇದು ಗ್ರಾಹಕರ ಹಕ್ಕಿನ ವಿಷಯ ಇರಬಹುದು. ಸಂಪಾಜೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ದಿನನಿತ್ಯದ ವಿಷಯ.

ನಾನು ಸುಳ್ಯದ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದ ಕಾಲಕ್ಕೆ ‘ಪ್ರಿನ್ಸ್ ಆಫ್ ಪರ್ಷಿಯಾ’ ಫ್ಲಾಪಿಯಲ್ಲಿ ಕೈಯಿಂದ ಕೈಗೆ ಬರುತ್ತಿತ್ತು. ಜೋರ್ಡನ್ ಮೆಕ್ನರ್ 1989ರಲ್ಲಿ ಮಾಡಿದ್ದು. ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಒಂದೊಂದೇ ಚೌಕಟ್ಟನ್ನು ತಿದ್ದಿ ರಾಜಕುಮಾರನ ನಡಿಗೆ ಮಾಡಿದ ಪುಣ್ಯಾತ್ಮ. ಇವತ್ತಿಗೂ ಆ ಹುಡುಗ ಅಂಚಿನಲ್ಲಿ ಕಾಲು ಜಾರಿದರೆ ನನ್ನ ಹೊಟ್ಟೆಯಲ್ಲಿ ಒಮ್ಮೆ ಜುಂ ಅನ್ನುತ್ತದೆ. ಕಳ್ಳ ಪ್ರತಿಗಳಿಗೆ ತಡೆ ಅದರಲ್ಲೂ ಇತ್ತು: ಜೊತೆಗೆ ಕೊಡುವ ಪುಸ್ತಕ ನೋಡಿ ಸರಿಯಾದ ಅಕ್ಷರದ ಶೀಷೆ ಕುಡಿಯಬೇಕು. ಆದರೆ ಪುಸ್ತಕ ನಮ್ಮ ಕೈಯಲ್ಲೇ ಇರುತ್ತದೆ, ಮಳೆಗೆ ಕೈಕೊಡುವುದಿಲ್ಲ. (ನಮ್ಮ ಕ್ಲಾಸಿನಲ್ಲಿ ಇದ್ದದ್ದು ಝೆರಾಕ್ಸ್ ಹಾಳೆ. ಆ ಮಾತು ಇಲ್ಲಿಗೇ ನಿಲ್ಲಲಿ.)

18 ಜುಲೈ, ಗುರುವಾರ

ಕರೆಂಟ್ ಇಲ್ಲ. ಹುಡುಗನಿಗೆ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಹಾಕಿಕೊಟ್ಟೆ. ಎರಿಕ್ ಬರೋನ್ ಎಂಬಾತ ನಾಲ್ಕು ವರ್ಷಕ್ಕೂ ಹೆಚ್ಚು ಒಬ್ಬನೇ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲ ಮಾಡಿ 2016ರಲ್ಲಿ ಬಿಟ್ಟ ಕೃಷಿಯ ಆಟ. ಯಾವ ಸರ್ವರನ್ನೂ ಕೇಳುವುದಿಲ್ಲ. ಇಂಥ ಆಟ ಇನ್ನಷ್ಟು ಬರಬೇಕು ಅಂತ ನನ್ನ ಮತ.

ಆದರೆ ಅದನ್ನು ಮಾಡಿದವನು ತೆಂಕು ಸೀಮೆಯ ತೋಟ ನೋಡಿಲ್ಲ. ಆ ಆಟದಲ್ಲಿ ಮಳೆ ಬಂದರೆ ಖುಷಿ, ಗಿಡಕ್ಕೆ ನೀರು ಹಾಕುವ ಕೆಲಸ ಉಳಿಯಿತು ಅಂತ. ಇಲ್ಲಿ ಮಳೆ ಬಿಡದಿದ್ದರೆ ಕೊಳೆರೋಗ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡಿ ಹೊಳವು ಕಾಯುತ್ತಾ ಕೂರಬೇಕು. ಅಲ್ಲಿ ಹಣ್ಣಿನ ಮರ 28 ದಿನಕ್ಕೆ ಬೆಳೆದು ನಿಲ್ಲುತ್ತದೆ, ಅಡಿಕೆ ಸಸಿ ನೆಟ್ಟವ ಐದಾರು ವರ್ಷ ಕಾಯುತ್ತಾನೆ. ಹಳದಿ ಎಲೆ ರೋಗ ಹಿಡಿದ ತೋಟವನ್ನು ಯಾವ ಆಟದವನೂ ಬರೆಯಲಾರ, ಯಾಕೆಂದರೆ ಅದರಲ್ಲಿ ಗೆಲ್ಲುವ ದಾರಿ ಇನ್ನೂ ಯಾರಿಗೂ ಗೊತ್ತಿಲ್ಲ. ಅಲ್ಲಿ ಕಾಗೆ ಓಡಿಸಲು ಬೆರ್ಚಪ್ಪ ಸಾಕು. ಇಲ್ಲಿ ಮಂಗ, ಹಂದಿ, ಮೇಲಿನಿಂದ ಆನೆ.

ಅಮ್ಮ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ, “ಇವನಿಗೆ ಆಳು ಸಿಗುವುದಿಲ್ಲವಾ? ಎಲ್ಲ ಇವನೇ ಮಾಡುವುದಾ?” ಅಂತ ಕೇಳಿದಳು. ಅಷ್ಟು ಮಾತ್ರ ನಮ್ಮೂರಿನಂತೆಯೇ ಉಂಟು.

19 ಜುಲೈ, ಶುಕ್ರವಾರ

ಕರ್ತೋಜಿ ಹತ್ತಿರ ಮಣ್ಣು ಜರಿಯುವ ಹೆದರಿಕೆಯಿಂದ ಮಡಿಕೇರಿ–ಸಂಪಾಜೆ ರಸ್ತೆಯಲ್ಲಿ ರಾತ್ರಿ ಸಂಚಾರ ನಿಲ್ಲಿಸಿದ್ದಾರೆ. ಹೆದ್ದಾರಿ ಬದಿಯ ಊರಿಗೆ ಲಾರಿಯ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಅಂತ ನಿನ್ನೆ ತಿಳಿಯಿತು.

ಮಧ್ಯಾಹ್ನ ಚಾವಡಿಯ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಸ್ನೇಹಿತ. ಕಂಪ್ಯೂಟರುಗಳೆಲ್ಲ ನೀಲಿ ಪರದೆ ತೋರಿಸಿ ಕೂತಿವೆ, ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಡುತ್ತಿದ್ದಾರೆ, ಸಾಲು ಹೊರಗಿನವರೆಗೂ ಇದೆ ಅಂದ. “ನಿಮ್ಮಲ್ಲಿ ಹೇಗೆ?” ನಮ್ಮಲ್ಲಿ ಎಂತ ಆಗುತ್ತದೆ ಮಾರಾಯ, ಕೆಡಲಿಕ್ಕೆ ಯಾವುದೂ ಓಡುತ್ತಿಲ್ಲ.

ಸಂಜೆ ಕರೆಂಟ್ ಬಂತು. ಓದಿದೆ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಬೆಳಿಗ್ಗೆ 9.39ರ ಹೊತ್ತಿಗೆ ಒಂದು ಸಣ್ಣ ಫೈಲ್ ಕಳಿಸಿದೆ. ಅದು ವಿಂಡೋಸ್‌ನ ಬುಡದಲ್ಲೇ ಓಡುವ ತಂತ್ರಾಂಶ, ಅಲ್ಲಿ ಎಡವಿದರೆ ಇಡೀ ಯಂತ್ರವೇ ಬೀಳುತ್ತದೆ. ಸುಮಾರು ಒಂದೂಕಾಲು ಗಂಟೆಯಲ್ಲಿ ಫೈಲನ್ನು ಹಿಂದೆ ತೆಗೆದುಕೊಂಡರಂತೆ. ಆದರೆ ಬಿದ್ದ ಯಂತ್ರ ನೆಟ್‌ವರೆಗೆ ಏಳುವುದೇ ಇಲ್ಲ. ಮನುಷ್ಯನೊಬ್ಬ ಪ್ರತಿಯೊಂದರ ಮುಂದೆ ಹೋಗಿ ನಿಂತು, ಸೇಫ್ ಮೋಡಿಗೆ ಹಾಕಿ, ಆ ಫೈಲನ್ನು ಕೈಯಾರೆ ಅಳಿಸಬೇಕು.

ಇದನ್ನು ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಧಾರಾವಾಹಿ 2003ರಲ್ಲೇ ತೋರಿಸಿತ್ತು. ಸೈಲಾನ್ ಯಂತ್ರಗಳು ಒಂದು ತಂತ್ರಾಂಶದ ಬಾಗಿಲಿನಿಂದ ಇಡೀ ನೌಕಾಪಡೆಯನ್ನು ಮಲಗಿಸುತ್ತವೆ. ಉಳಿಯುವುದು ಮ್ಯೂಸಿಯಂ ಆಗಲಿದ್ದ ಒಂದು ಮುದಿ ಹಡಗು, ಯಾಕೆಂದರೆ ಅದರ ಕಮಾಂಡರ್ ಅಡಾಮಾ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಲು ಬಿಟ್ಟಿರಲಿಲ್ಲ. ಮ್ಯೂಸಿಯಮ್ಮಿಗೆ ಬರುವ ಮೇಷ್ಟ್ರುಗಳಿಗೆ ಅನುಕೂಲ ಅಂತ ಶಿಕ್ಷಣ ಮಂತ್ರಿ ಕೇಳಿದರೂ ಆತ ಒಪ್ಪಲಿಲ್ಲ. ಹಡಗಿನೊಳಗೆ ಮಾತಾಡುವುದು ಸುರುಳಿ ವೈರಿನ ಫೋನಿನಲ್ಲಿ. ಮೊದಲ ಸಲ ನೋಡಿದಾಗ ಅವನನ್ನು ಹಳೆಯ ಕಾಲದ ಹಟಮಾರಿ ಮುದುಕ ಅಂದುಕೊಂಡೆ, ಕತೆಗಾರ ರೊನಾಲ್ಡ್ ಮೂರ್ ಬಯಸಿದ್ದೂ ಅದನ್ನೇ ಇರಬೇಕು. ನಮ್ಮ ಚಾವಡಿಯ ಫೋನ್ ಅವನಿಗೆ ಬಹಳ ಇಷ್ಟವಾಗುತ್ತಿತ್ತು.

21 ಜುಲೈ, ಭಾನುವಾರ

ಶುಕ್ರವಾರ ಬಿದ್ದದ್ದು 85 ಲಕ್ಷ ಯಂತ್ರಗಳು ಅಂತ ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿದೆ, ವಿಂಡೋಸ್ ಇರುವುದರಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆಯಂತೆ.

ಯುವಕ ಮಂಡಲದವರು ಪೆನ್ ಡ್ರೈವ್ ತಂದರು. ಇಪ್ಪತ್ತು ವರ್ಷದ ಹಿಂದಿನ ಸ್ಮರಣ ಸಂಚಿಕೆ, ಅದರಿಂದ ಎರಡು ಲೇಖನ ಮತ್ತೆ ಹಾಕಬೇಕಂತೆ. ತೆರೆದರೆ ಪುಟದ ತುಂಬ ಪರಂಗಿ ಅಕ್ಷರ. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಕೂಡಿಸಿದ್ದು. ಫಾಂಟ್ ಇಲ್ಲದ ಯಂತ್ರದಲ್ಲಿ ‘ಕ’ ಇದ್ದಲ್ಲಿ ಇಂಗ್ಲಿಷಿನ ಪಿ, ‘ರ’ ಇದ್ದಲ್ಲಿ ಜಿ, ‘ನ’ ಇದ್ದಲ್ಲೆಲ್ಲ ಬ್ರಿಟಿಷರ ಪೌಂಡಿನ ಗುರುತು. ತಲೆಕಟ್ಟುಗಳೆಲ್ಲ ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ ಆಗಿ ಸಾಲಾಗಿ ನಿಂತಿರುತ್ತವೆ. ಒಂದು ಸಾಲಿನಲ್ಲಿ ಎಷ್ಟು ಪೌಂಡ್ ಅಂತ ಹುಡುಗ ಎಣಿಸುತ್ತಾ ಕೂತ. ನಮ್ಮ ಸಂಘ ಇಷ್ಟು ಶ್ರೀಮಂತ ಅಂತ ಯಾರಿಗೆ ಗೊತ್ತಿತ್ತು.

ಆಗ ಫಾಂಟಿನೊಳಗೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದರು, ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇರಲಿಲ್ಲ. ಹಾಗಂತ ಆ ಕಾಲದವರನ್ನು ಬಯ್ಯಲು ಮನಸ್ಸು ಬರುವುದಿಲ್ಲ. ಶೇಷಾದ್ರಿ ವಾಸು 1998ರಲ್ಲಿ ಬರಹವನ್ನು ಬಿಡದಿದ್ದರೆ, ಕನ್ನಡ ಗಣಕ ಪರಿಷತ್ತಿನವರು ನುಡಿ ಮಾಡದಿದ್ದರೆ ಈ ಸಂಚಿಕೆಯೇ ಇರುತ್ತಿರಲಿಲ್ಲ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಹಾಕಿಕೊಟ್ಟ ಕೀಲಿಮಣೆಯಲ್ಲೇ ನನ್ನ ಬೆರಳು ಇವತ್ತಿಗೂ ಓಡುವುದು. ಎಫ್ ಒತ್ತಿದರೆ ಒತ್ತು. ಇಷ್ಟು ಸರಳವಾಗಿ ಯೋಚಿಸಲು ಬಹಳ ತಲೆ ಬೇಕು.

ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಉಂಟು, ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಫಾಂಟೂ ಬಂತು. ಆದರೂ ನಮ್ಮ ಡಿಟಿಪಿ ಅಂಗಡಿಗಳು ಅದರ ಕಡೆ ಹೊರಳಲು ವರ್ಷಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ಬೆರಳಚ್ಚಾದ ಸಹಕಾರ ಸಂಘದ ವರದಿ, ಯಕ್ಷಗಾನ ಪ್ರಸಂಗ, ಆಮಂತ್ರಣ ಪತ್ರಿಕೆ ಎಲ್ಲ ಹೀಗೆಯೇ ಪೌಂಡಾಗಿ ಕೂತಿವೆ. ಡಿಸ್ಕ್ ನಮ್ಮ ಮನೆಯದ್ದು, ಸರ್ವರಿನ ಹಂಗಿಲ್ಲ, ಆದರೂ ಓದಲಾಗುವುದಿಲ್ಲ. ಬುಧವಾರ ಬರೆದದ್ದಕ್ಕೆ ಇಷ್ಟು ಸೇರಿಸಬೇಕು: ಫೈಲ್ ಕೈಯಲ್ಲಿ ಇದ್ದರೆ ಸಾಲದು, ಅದನ್ನು ತೆರೆಯುವ ವಿಧಾನವೂ ಎಲ್ಲರಿಗೂ ಗೊತ್ತಿರಬೇಕು. ಪರಿವರ್ತಕಕ್ಕೆ ಹಾಕಿದೆ. ಅರ್ಕಾವತ್ತುಗಳು ದಾರಿ ತಪ್ಪಿದ್ದನ್ನು ಕೈಯಲ್ಲೇ ತಿದ್ದುತ್ತಾ ಊಟದ ಹೊತ್ತಾಯಿತು.

28 ಜುಲೈ, ಭಾನುವಾರ

ರಾತ್ರಿ ನಾನೂ ಹುಡುಗನೂ ಕೂತು ‘ದಿ ಎಕ್ಸ್‌ಪ್ಯಾನ್ಸ್’ ಮೊದಲ ಕಂತು ನೋಡಿದೆವು, ಮೊದಲೇ ಇಳಿಸಿಟ್ಟದ್ದು. ಸಿರೀಸ್ ಎಂಬ ಕ್ಷುದ್ರಗ್ರಹದಲ್ಲಿ ನೀರಿಗೆ ರೇಷನ್, ಮಂಜುಗಡ್ಡೆ ತರುವ ಹಡಗು ಬಾರದಿದ್ದರೆ ಗಲಾಟೆ. ‘ಸ್ಟಾರ್ ಟ್ರೆಕ್’ನಲ್ಲಿ ಇಂಥ ತಾಪತ್ರಯ ಕಡಿಮೆ, ಚಹಾ ಬೇಕೆಂದರೆ ಗೋಡೆಯಿಂದ ಬರುತ್ತದೆ. ನನ್ನ ಮನಸ್ಸು ಎಕ್ಸ್‌ಪ್ಯಾನ್ಸ್ ಕಡೆಗೆ. ಅಲ್ಲಿ ಪೈಪ್ ಒಡೆದರೆ ಯಾರಾದರೂ ಸ್ಪ್ಯಾನರ್ ಹಿಡಿದು ಹೋಗುತ್ತಾರೆ.

ದೂರದರ್ಶನದ ದಿನಗಳ ಮಾತು ಬಂತು. 1998ರಲ್ಲಿ ಮಿಲಿಂದ್ ಸೋಮನ್‌ನ ‘ಕ್ಯಾಪ್ಟನ್ ವ್ಯೋಮ್’ ಬರುವ ಹೊತ್ತಿಗೆ ಒಬ್ಬ ಆಂಟೆನಾ ಕಂಬ ತಿರುಗಿಸುವುದು, ಇನ್ನೊಬ್ಬ ಕಿಟಕಿಯಿಂದ “ಬಂತು, ಬಂತು, ಹೋಯಿತು” ಅಂತ ಕೂಗುವುದು. ಈ ಕಣಿವೆಯಲ್ಲಿ ಬಾಹ್ಯಾಕಾಶದಲ್ಲಿ ಯಾವಾಗಲೂ ಹಿಮ ಬೀಳುತ್ತಿತ್ತು.

“ಕನ್ನಡದಲ್ಲಿ ಯಾಕೆ ಇಂಥದ್ದು ಬರುವುದಿಲ್ಲ ಮಾವ? ದುಡ್ಡು ಇಲ್ಲವಾ?”

ದುಡ್ಡಿನ ಕಾರಣವನ್ನು ನಾನು ಒಪ್ಪುವುದಿಲ್ಲ. ಹಳೆಯ ಸ್ಟಾರ್ ಟ್ರೆಕ್‌ನಲ್ಲಿ ಮನುಷ್ಯರು ಮಾಯವಾಗಿ ಇನ್ನೊಂದು ಕಡೆ ಪ್ರತ್ಯಕ್ಷರಾಗುವ ಯಂತ್ರ ಬಂದದ್ದೇ, ವಾರ ವಾರ ಹಡಗು ಇಳಿಸಿ ತೋರಿಸಲು ದುಡ್ಡಿಲ್ಲ ಅಂತ. ಕತೆಗೂ ಬರ ಇಲ್ಲ: ರಾಜಶೇಖರ ಭೂಸನೂರಮಠರು ಬರೆದಿದ್ದಾರೆ, ಮನು ಅವರ ‘ಮಹಾಸಂಪರ್ಕ’ ಮಹಾಭಾರತವನ್ನೇ ವಿಜ್ಞಾನದ ಕಣ್ಣಿನಿಂದ ನೋಡುತ್ತದೆ. ಪುತ್ತೂರಿನಲ್ಲಿ ಕೂತು ಕಾರಂತರು ಮಕ್ಕಳಿಗೆ ‘ಬಾಲ ಪ್ರಪಂಚ’, ಆಮೇಲೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಬರೆದರು. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ಕೋರ್ಟಿನ ವಾದವನ್ನೇ ಜನ ಉಸಿರು ಬಿಗಿಹಿಡಿದು ನೋಡಿದರು. ಮಾತಿನ ಮೇಲೆ ನಿಲ್ಲುವ ವೈಜ್ಞಾನಿಕ ಧಾರಾವಾಹಿಗೆ ನಾಲ್ಕು ಗೋಡೆ ಸಾಕು.

ಅದಕ್ಕೂ ಹೆಚ್ಚು, ನಮ್ಮಲ್ಲಿ ತಾಳಮದ್ದಳೆ ಉಂಟು. ವೇಷವಿಲ್ಲ, ಬಣ್ಣವಿಲ್ಲ, ಕೂತಲ್ಲಿಂದ ಏಳುವುದೂ ಇಲ್ಲ. ಒಬ್ಬ ಭಾಗವತ, ಚೆಂಡೆ ಮದ್ದಳೆ, ಬಿಳಿ ಪಂಚೆ ಉಟ್ಟ ನಾಲ್ಕಾರು ಮಂದಿ ಅರ್ಥಧಾರಿಗಳು. ಅವರು ಬಾಯಿಯಲ್ಲೇ ಕುರುಕ್ಷೇತ್ರ ಎಬ್ಬಿಸುತ್ತಾರೆ. ಕೃಷ್ಣ ಒಂದು ಮಾತು ಎತ್ತಿದರೆ ಕೌರವ ಏನು ಹೇಳುತ್ತಾನೆ ಅಂತ ಅವನಿಗೂ ಮೊದಲೇ ಗೊತ್ತಿರುವುದಿಲ್ಲ. ಈಚೆಗೆ ರೋಲ್ ಪ್ಲೇಯಿಂಗ್ ಆಟಗಳಲ್ಲಿ ಮಾತಿಗೆ ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸು ಅನ್ನುತ್ತಾರೆ. ‘ಬಾಲ್ಡರ್ಸ್ ಗೇಟ್ 3’ರಲ್ಲಿ ಆ ಕವಲುಗಳು ಎಷ್ಟು ದಟ್ಟ ಅಂದರೆ ನನಗೆ ಬೆರಗಾಯಿತು. ಆದರೂ ಒಳ್ಳೆಯ ಅರ್ಥಧಾರಿ ಐದನೆಯ ಉತ್ತರ ಕೊಡುತ್ತಾನೆ, ಎದುರಿನವನನ್ನು ಸಿಕ್ಕಿಹಾಕಿಸಿ ಸಭೆಯ ಕಡೆ ನೋಡುತ್ತಾನೆ. ಕನ್ನಡದಲ್ಲಿ ಯಾರಾದರೂ ಆಟ ಮಾಡುವವರಿದ್ದರೆ ಇದರಿಂದ ಶುರುಮಾಡಲಿ, ಕತ್ತಿ ಗುರಾಣಿಯಿಂದ ಬೇಡ.

30 ಜುಲೈ, ಮಂಗಳವಾರ

ವಯನಾಡಿನ ಭೂಕುಸಿತದ ಸುದ್ದಿ. ಅಮ್ಮ ಟಿವಿ ನಂದಿಸಿಬಿಟ್ಟಳು. 2018ರ ಆಗಸ್ಟಿನಲ್ಲಿ ಜೋಡುಪಾಲದಿಂದ ಜನ ಇಳಿದು ಬಂದದ್ದನ್ನು ನೋಡಿದ ಊರಿದು. 2022ರ ಜೂನ್‌ನಲ್ಲಿ ನೆಲ ನಡುಗಿದಾಗ ನಾವೂ ಜಾಲಿಗೆ ಓಡಿದ್ದೆವು.

ಕಳೆದ ವರ್ಷ ಎಲ್ಲರ ಮೊಬೈಲು ಒಟ್ಟಿಗೆ ಕಿರುಚಿ ಎಚ್ಚರಿಕೆಯ ಪರೀಕ್ಷೆ ನಡೆಯಿತಲ್ಲ, ಆ ಸೆಲ್ ಬ್ರಾಡ್‌ಕಾಸ್ಟ್ ನಾನು ಕಂಡ ಒಳ್ಳೆಯ ತಂತ್ರಾಂಶಗಳಲ್ಲಿ ಒಂದು. ಆ್ಯಪ್ ಬೇಡ, ಲಾಗಿನ್ ಬೇಡ, ಡೇಟಾ ಬೇಡ. ಟವರಿನ ವ್ಯಾಪ್ತಿಯಲ್ಲಿರುವ ಎಲ್ಲರಿಗೂ ಒಂದೇ ಏಟಿಗೆ. ಟವರಿಗೆ ಡೀಸೆಲ್ ಹಾಕುವವರು ಯಾರು ಎಂಬುದು ಉಳಿದ ಪ್ರಶ್ನೆ. 2021ರ ಜೂನ್‌ನಲ್ಲಿ ನಮ್ಮದೇ ತಾಲೂಕಿನ ಬಳ್ಳಕದಲ್ಲಿ, ಸಿಗ್ನಲ್ ಸಿಗುವ ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುವ ಮಗಳಿಗೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತ ಫೋಟೋ ದೇಶವೆಲ್ಲ ನೋಡಿತು. ಆನ್‌ಲೈನ್ ಕ್ಲಾಸ್ ಮಾಡಿದವರು ಅವಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

4 ಆಗಸ್ಟ್, ಭಾನುವಾರ

ಆಟಿ ಅಮಾವಾಸ್ಯೆ. ಬೆಳಗ್ಗೆ ಹಾಲೆ ಮರದ ತೊಗಟೆಯ ಕಷಾಯ, ಮೇಲಿಂದ ಮೆಂತ್ಯೆ ಗಂಜಿ. ಹುಡುಗ ಮೂಗು ಹಿಡಿದುಕೊಂಡು ಕುಡಿದ.

“ನೀವು ಹೇಳುವುದೆಲ್ಲ ಸರಿ ಮಾವ, ಆದರೆ ಒಬ್ಬನೇ ಆಡುವುದು ಎಂತ ಆಟ? ಗೆಳೆಯರು ಬೇಕಲ್ಲ” ಅಂದ. ಅದಕ್ಕೆ ನನ್ನಲ್ಲಿ ವಾದ ಇರಲಿಲ್ಲ, ರೂಟರ್ ಇತ್ತು. ಇಂಟರ್‌ನೆಟ್ ಸತ್ತರೂ ರೂಟರ್ ಮನೆಯೊಳಗಿನ ಯಂತ್ರಗಳನ್ನು ಜೋಡಿಸುತ್ತದೆ, ಕುಡಿಯುವ ಕರೆಂಟೂ ಸ್ವಲ್ಪವೇ. ಅಟ್ಟದಿಂದ ಎಕ್ಸ್‌ಪಿ ಇರುವ ಎರಡು ಹಳೆಯ ಯಂತ್ರ ಇಳಿಸಿ ‘ಏಜ್ ಆಫ್ ಎಂಪೈರ್ಸ್ 2’ ಹಾಕಿದೆ, 1999ರದ್ದು. ಪಕ್ಕದ ಮನೆಯ ಹುಡುಗನೂ ಅವನ ತಂಗಿಯೂ ಕೊಡೆ ಮಡಚಿಟ್ಟು ಒಳಗೆ ಬಂದರು.

ಮೊದಲ ಜಗಳ ರಾಜ್ಯಕ್ಕೆ. 2022ರ ವಿಸ್ತರಣೆಯಲ್ಲಿ ದ್ರಾವಿಡರೂ ಅವರ ಉರುಮಿಯೂ ಇರುವುದು ಇವನಿಗೆ ಗೊತ್ತು, ನನ್ನ ಹಳೆಯ ಸಿಡಿಯಲ್ಲಿ ಇರುವುದು 13 ನಾಗರಿಕತೆ ಮಾತ್ರ. ಕೊನೆಗೆ ಎಲ್ಲರಿಗೂ ಪರ್ಷಿಯಾವೇ ಬೇಕಾಯಿತು, ಅದಕ್ಕೆ ಆನೆ ಉಂಟು ಅಂತ. ಚಿಕ್ಕವಳು ಮೊದಲೇ ಕ್ಲಿಕ್ ಮಾಡಿ ಮುಗಿಸಿದ್ದಳು. ಅವಳ ಆನೆಗಳು ನಿಧಾನಕ್ಕೆ ಬಂದು ಅಣ್ಣನ ಗದ್ದೆ ತುಳಿದವು, ಆಮೇಲೆ ನಮ್ಮವನ ಕೋಟೆ ಕೆಡವಿದವು. “ಪಟಾಕಿ ಹೊಡಿ, ಪಟಾಕಿ ಹೊಡಿ” ಅಂತ ಅಣ್ಣ ಕೂಗಿದ. ಆಟದಲ್ಲಿ ಅದಕ್ಕೆ ಗುಂಡಿ ಇಲ್ಲ.

ಮೂರನೇ ಸುತ್ತಿನ ಹೊತ್ತಿಗೆ ಇನ್ವರ್ಟರ್ ಕುಂಯ್‌ಗುಟ್ಟಿತು. ನಾಳೆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತರಬೇಕು. ಹೊಳವು ಬಿಟ್ಟರೆ ಕೆಳಗಿನ ತೋಟಕ್ಕೆ ಎರಡನೇ ಮದ್ದು ಬಿಡಬೇಕು, ಕಾರ್ಬನ್ ಫೈಬರ್ ದೋಟಿಯವನಿಗೆ ಲ್ಯಾಂಡ್‌ಲೈನಿನಿಂದಲೇ ಹೇಳಿಟ್ಟಿದ್ದೇನೆ.